ಮೂರು ಸಂಜೆ ಉಜ್ಜಿದರೂ ಚಕ್ರ ಯಾಕೆ ಹೊಳೆಯಲಿಲ್ಲ?

ಪ್ರಶ್ನೆ: ನನ್ನ ಕಾರಿಗೆ 20 ವರ್ಷ ದಾಟಿದೆ. ಇಂಜಿನ್ ಗಟ್ಟಿಯಾಗಿದೆ, ಆದರೆ ಅಲಾಯ್ ಚಕ್ರಗಳು ಪೂರ್ತಿ ಮಂಕಾಗಿವೆ. ಅಂಚಿನ ಹತ್ತಿರ ಹುಳು ಹರಿದಾಡಿದ ಹಾಗೆ ಬಿಳಿ ಎಳೆಗಳು ಕಾಣುತ್ತವೆ. ಟ್ಯೂಬಿನಲ್ಲಿ ಬರುವ ಮೆಟಲ್ ಪಾಲಿಶ್ ತಂದು ಮೂರು ಸಂಜೆ ಉಜ್ಜಿದೆ. ಮೂರು ಚಕ್ರಗಳಲ್ಲಿ ಏನೂ ಬದಲಾಗಲಿಲ್ಲ. ನಾಲ್ಕನೆಯದರ ಒಂದು ಕಡ್ಡಿಯಲ್ಲಿ ಮಾತ್ರ ಬಟ್ಟೆ ಕಪ್ಪಾಗುತ್ತಲೇ ಹೋಯಿತು. ಅಲ್ಲಿ ಸ್ವಲ್ಪ ಹೊಳಪೂ ಬಂತು. ಬಟ್ಟೆ ಕಪ್ಪಾಗೋದು ನಿಲ್ಲುವ ತನಕ ಉಜ್ಜಬೇಕು ಎಂದು ಒಬ್ಬರು ಹೇಳಿದರು. ಓವನ್ ಕ್ಲೀನರ್ ಹಾಕಿದರೆ ಐದು ನಿಮಿಷದ ಕೆಲಸ ಎಂದು ಗೆಳೆಯ ಹೇಳುತ್ತಾನೆ. ಗ್ರೈಂಡರ್‌ಗೆ ಬಫ್ (ಹೊಳಪು ಕೊಡುವ ಬಟ್ಟೆಯ ಬಿಲ್ಲೆ) ಹಾಕಿ ಹೊಡಿ ಎನ್ನುವವರೂ ಇದ್ದಾರೆ. ಮುಖ ಕಾಣುವಷ್ಟು ಹೊಳೆಯಬೇಕು ಅನ್ನೋದು ನನ್ನ ಆಸೆ. ಇದನ್ನು ಮನೆಯಲ್ಲೇ ಮಾಡಬಹುದೇ? ಹೊಳಪು ಬಂದ ಮೇಲೆ ಲ್ಯಾಕರ್, ಅಂದರೆ ಪಾರದರ್ಶಕ ಬಣ್ಣ, ಹೊಡೆಸಬೇಕೇ?

ಉತ್ತರ: ನಿಮ್ಮ ಪ್ರಶ್ನೆಯೊಳಗೇ ಅರ್ಧ ಉತ್ತರ ಇದೆ. ಮೂರು ಚಕ್ರಗಳಲ್ಲಿ ಬಟ್ಟೆ ಕಪ್ಪಾಗಲಿಲ್ಲ, ಒಂದರ ಒಂದು ಕಡ್ಡಿಯಲ್ಲಿ ಮಾತ್ರ ಆಯಿತು ಎಂದಿರಿ. ಅಂದರೆ ಆ ಮೂರು ಸಂಜೆ ನೀವು ಉಜ್ಜಿದ್ದು ಬಹುಪಾಲು ಅಲ್ಯೂಮಿನಿಯಂ ಅನ್ನಲ್ಲ, ಅದರ ಮೇಲಿನ ಪಾರದರ್ಶಕ ಬಣ್ಣವನ್ನು. ಕಾರ್ಖಾನೆಯಿಂದ ಬರುವ ಹೆಚ್ಚಿನ ಅಲಾಯ್ ಚಕ್ರಗಳ ಮೇಲೆ ಕ್ಲಿಯರ್ ಕೋಟ್ ಇರುತ್ತದೆ. ಗಾಜಿನ ಚೌಕಟ್ಟು ಹಾಕಿದ ಫೋಟೋವನ್ನು ಗಾಜಿನ ಹೊರಗಿನಿಂದ ಒರೆಸಿದರೆ ಒಳಗಿನ ಕಲೆ ಹೋಗುತ್ತದಾ? ಇದೂ ಹಾಗೇ. ನಾಲ್ಕನೆಯ ಚಕ್ರದಲ್ಲಿ ಒಂದು ಕಡೆ ಆ ಪದರ ಸವೆದು ಹೋಗಿದೆ. ಪಾಲಿಶ್‌ಗೆ ಲೋಹ ಸಿಕ್ಕಿದ್ದು ಅಲ್ಲಿ ಮಾತ್ರ. ನಿಮ್ಮ ಪಾಲಿಶ್ ಕೆಟ್ಟದ್ದಲ್ಲ, ನಿಮ್ಮ ಕೈಯಲ್ಲೂ ತಪ್ಪಿಲ್ಲ.

ಗೊತ್ತಿಲ್ಲದೆಯೇ ನೀವು ಒಂದು ಒಳ್ಳೆಯ ಪರೀಕ್ಷೆ ಮಾಡಿದ್ದೀರಿ. ನಮ್ಮ ವರ್ಕ್‌ಶಾಪಿಗೆ ಹಳೆಯ ಚಕ್ರ ಬಂದರೆ ನಾನು ಮೊದಲು ಮಾಡುವುದೂ ಇದನ್ನೇ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಚೂರು ಪಾಲಿಶ್ ಹಾಕಿ ಬಿಳಿ ಬಟ್ಟೆಯಿಂದ ಉಜ್ಜುತ್ತೇನೆ. ಕಪ್ಪಾದರೆ ಬರಿ ಲೋಹ, ಬಿಳಿಯಾಗೇ ಉಳಿದರೆ ಮೇಲೆ ಏನೋ ಇದೆ.

ಆ ಕಪ್ಪಿನ ವಿಷಯ. ಅದು ಕೊಳೆ ಅಲ್ಲ. ಪಾಲಿಶ್‌ನ ಕಣಗಳು ಕೆರೆದು ತೆಗೆದ ಅಲ್ಯೂಮಿನಿಯಂ ಮತ್ತು ಅದರ ಆಕ್ಸೈಡಿನ ಅತಿ ಸಣ್ಣ ಪುಡಿ ಅದು. ಪುಡಿ ಅಷ್ಟು ಸಣ್ಣದಾದಾಗ ಕಪ್ಪಾಗಿ ಕಾಣುತ್ತದೆ. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕ್ಷಣವೇ ಅದರ ಮೇಲೆ ಹೊಸ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ತಲೆಗೂದಲಿನ ದಪ್ಪದ ಹತ್ತು ಸಾವಿರದ ಒಂದು ಪಾಲಿಗಿಂತಲೂ ತೆಳುವಾದ ಪದರ ಅದು. ನೀವು ಉಜ್ಜುತ್ತೀರಿ, ಅದು ಹೋಗುತ್ತದೆ, ಮತ್ತೆ ಬರುತ್ತದೆ. ಹಾಗಾಗಿ ಬಟ್ಟೆ ಕಪ್ಪಾಗುವುದು ನಿಲ್ಲುವುದೇ ಇಲ್ಲ. ಅದು ನಿಲ್ಲಲಿ ಎಂದು ಕಾದರೆ ಕೊನೆಗೆ ಚಕ್ರವೇ ಸವೆಯುತ್ತದೆ, ಅಷ್ಟೇ. ಬಟ್ಟೆ ನೋಡಬೇಡಿ, ಲೋಹ ನೋಡಿ.

ಇನ್ನು ಬಿಳಿ ಎಳೆಗಳು. ಎಲ್ಲೋ ಒಂದು ಕಲ್ಲು ಸಿಡಿದು ಕ್ಲಿಯರ್ ಕೋಟ್‌ಗೆ ಸೂಜಿಮೊನೆಯಷ್ಟು ತೂತಾಗಿರುತ್ತದೆ. ಇಲ್ಲವೇ ಟೈರ್ ಬದಲಿಸುವಾಗ ಅಂಚಿಗೆ ಏಟು ಬಿದ್ದಿರುತ್ತದೆ. ಅಲ್ಲಿಂದ ತೇವ ಒಳಗೆ ನುಗ್ಗುತ್ತದೆ. ಜೊತೆಗೆ ಉಪ್ಪಿನಂಶವೂ ಇದ್ದರೆ ಎಳೆ ಹುಟ್ಟುತ್ತದೆ. ಎಳೆಯ ತಲೆಯಲ್ಲಿ ಲೋಹ ಕೊರೆಯುತ್ತಾ ಮುಂದೆ ಹೋಗುತ್ತದೆ, ಹಿಂದೆ ಬಾಲದಲ್ಲಿ ಬಿಳಿ ಪುಡಿ ಉಳಿಯುತ್ತದೆ. ಇದೆಲ್ಲ ನಡೆಯುವುದು ಕ್ಲಿಯರ್ ಕೋಟ್‌ನ ಅಡಿಯಲ್ಲಿ. ಮೇಲೆ ಏನು ಹಚ್ಚಿದರೂ ಅದಕ್ಕೆ ತಾಗುವುದಿಲ್ಲ. ಪದರ ತೆಗೆಯಲೇಬೇಕು. ಒಂದೆರಡು ಎಳೆ ಇದ್ದರೆ ಅಲ್ಲಷ್ಟೇ ಕೆರೆದು ತೇಪೆ ಹಾಕಬಹುದು. ಆದರೆ ಬೆಳಕಿನಲ್ಲಿ ತೇಪೆಯ ಅಂಚು ಎದ್ದು ಕಾಣುತ್ತದೆ. 20 ವರ್ಷದ ಪದರವನ್ನು ಉಳಿಸಿಕೊಂಡು ನೀವು ಗಳಿಸುವುದೂ ಏನಿಲ್ಲ.

ತೆಗೆಯುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಕೆಳಗಿರುವುದು ನಿಜವಾಗಿ ಅಲ್ಯೂಮಿನಿಯಮ್ಮೇ ತಾನೇ? ಕ್ರೋಮ್ ಲೇಪಿಸಿದ ಚಕ್ರವಾಗಿದ್ದರೆ ಹೊಳಪಿನಲ್ಲಿ ತುಸು ನೀಲಿ ಛಾಯೆ ಇರುತ್ತದೆ, ಹಾಳಾದ ಕಡೆ ಪೊರೆ ಹಾಗೆ ಸಿಪ್ಪೆ ಎದ್ದಿರುತ್ತದೆ. ಅದಕ್ಕೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಮುಟ್ಟಿಸಬೇಡಿ. ಕ್ರೋಮ್ ಕಳಚುವುದು ರಾಸಾಯನಿಕ ತೊಟ್ಟಿಗಳಿರುವ ಲೇಪನ ಘಟಕದ ಕೆಲಸ, ಅದರಿಂದ ಬರುವ ತ್ಯಾಜ್ಯ ವಿಷ. ಎರಡು ಮೂರು ತುಂಡು ಸೇರಿಸಿ ಬೋಲ್ಟ್ ಹಾಕಿದ ಚಕ್ರಗಳಲ್ಲಿ ಹೊರ ಅಂಚಿಗೆ ಆನೊಡೈಸ್ ಮಾಡಿರುವುದುಂಟು. ಅದು ಅಲ್ಯೂಮಿನಿಯಮ್ಮಿನದೇ ದಪ್ಪನೆಯ, ತುಂಬಾ ಗಟ್ಟಿಯಾದ ಆಕ್ಸೈಡ್. ಕೈಪಾಲಿಶ್ ಅದರ ಮೇಲೆ ಜಾರುತ್ತದೆ. ಹಳೆಯ ರೇಸಿಂಗ್ ಶೈಲಿಯ ಚಕ್ರವಾಗಿದ್ದರೆ ಅದು ಮೆಗ್ನೀಸಿಯಂ ಇರಬಹುದು. ಹಿಂಬದಿಯಲ್ಲಿ ಬರಿ ಲೋಹ ಕಾಣುವಷ್ಟು ಒಂದು ಕಡೆ ಕೆರೆದು ವಿನೆಗರ್ ಹನಿ ಬಿಡಿ. ಮೆಗ್ನೀಸಿಯಂ ಆದರೆ ಕೂಡಲೇ ಗುಳ್ಳೆ ಏಳುತ್ತದೆ, ಅಲ್ಯೂಮಿನಿಯಂ ಸುಮ್ಮನಿರುತ್ತದೆ. ಗುಳ್ಳೆ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಮೆಗ್ನೀಸಿಯಂ ಪುಡಿ ಹೊತ್ತಿಕೊಂಡರೆ ನೀರು ಹಾಕಿದಷ್ಟೂ ಉರಿ ಜಾಸ್ತಿಯಾಗುತ್ತದೆ.

ನಿಮ್ಮದು ಬಟ್ಟೆ ಕಪ್ಪು ಮಾಡಿದೆ, ಬಿಳಿ ಎಳೆಗಳಿವೆ. ಅಲ್ಯೂಮಿನಿಯಂ ಮೇಲೆ ಕ್ಲಿಯರ್ ಕೋಟ್ ಎಂದೇ ನನ್ನ ಲೆಕ್ಕ.

ಈಗ ಗೆಳೆಯರ ಸಲಹೆಗಳು. ಓವನ್ ಕ್ಲೀನರ್‌ಗಳಲ್ಲಿ ಹೆಚ್ಚಿನವು ಕಾಸ್ಟಿಕ್ ಸೋಡಾ. ಐದು ನಿಮಿಷದ ಕೆಲಸ ಅನ್ನೋದು ಸುಳ್ಳಲ್ಲ. ಆದರೆ ಅದು ಪದರದ ಜೊತೆ ಲೋಹವನ್ನೂ ತಿನ್ನುತ್ತದೆ. ನೊರೆ ಎದ್ದಾಗ ಹೊರಬರುವುದು ಹೈಡ್ರೋಜನ್, ಅದು ಹೊತ್ತಿಕೊಳ್ಳುವ ಅನಿಲ. ಎರಕದ ಚಕ್ರದ ಅಲ್ಯೂಮಿನಿಯಂನಲ್ಲಿ ಸಾಮಾನ್ಯವಾಗಿ ನೂರಕ್ಕೆ 7 ಪಾಲು ಸಿಲಿಕಾನ್ ಇರುತ್ತದೆ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ಕರಗಿಸಿಕೊಂಡು ಹೋಗುತ್ತದೆ, ಸಿಲಿಕಾನ್ ಮಸಿಯ ಹಾಗೆ ಮೇಲೆ ಉಳಿಯುತ್ತದೆ. ಐದು ನಿಮಿಷದ ಕೆಲಸ ಮುಗಿದಾಗ ನಿಮ್ಮ ಮುಂದಿರುವುದು ಬೂದು ಬಣ್ಣದ, ಮುಟ್ಟಿದರೆ ತರಿತರಿಯಾಗುವ ಚಕ್ರ. ಅದನ್ನು ಸರಿಮಾಡಲು ಮತ್ತೆ ಐದು ಗಂಟೆ ಉಜ್ಜಬೇಕು.

ಆಸಿಡ್ ಬಗ್ಗೆ ಇನ್ನೂ ಕಟ್ಟುನಿಟ್ಟಾಗಿ ಹೇಳುತ್ತೇನೆ. ಅಲ್ಯೂಮಿನಿಯಂ ಬ್ರೈಟ್ನರ್ ಎಂದು ಮಾರುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ತೆಳುವಾದ ದ್ರಾವಣ ಚರ್ಮಕ್ಕೆ ಬಿದ್ದರೆ ಆಗಲೇ ಉರಿ ಗೊತ್ತಾಗದೇ ಇರಬಹುದು. ಗಂಟೆಗಳ ನಂತರ ನೋವು ಶುರುವಾಗುತ್ತದೆ. ಅಷ್ಟರಲ್ಲಿ ಅದು ಒಳಗೆ ಇಳಿದು ಮೈಯಲ್ಲಿನ ಕ್ಯಾಲ್ಸಿಯಂ ಹೀರುತ್ತಿರುತ್ತದೆ. ಡಬ್ಬದ ಮೇಲೆ ಈ ಹೆಸರುಗಳನ್ನು ಕಂಡರೆ ವಾಪಸ್ ಇಟ್ಟುಬಿಡಿ. ಅದು ಕೊಡುವುದೂ ಬಿಳಿಚಿಕೊಂಡ ಬಣ್ಣವನ್ನು, ಹೊಳಪನ್ನಲ್ಲ. ಹಲ್ಲುಪುಡಿ, ಟೂತ್‌ಪೇಸ್ಟ್, ನಿಂಬೆಹಣ್ಣು ಇವೆಲ್ಲ ಅಪಾಯವಿಲ್ಲದ ಕಾಲಹರಣ. ಮಾಡಿ ನೋಡುವವರನ್ನು ನಾನು ತಡೆಯುವುದಿಲ್ಲ.

ಹಾಗಾದರೆ ಪದರ ತೆಗೆಯುವುದು ಹೇಗೆ? ಪೇಂಟ್ ರಿಮೂವರ್ ಹಚ್ಚಿ. ಅಲ್ಯೂಮಿನಿಯಂಗೆ ಹೊಂದುತ್ತದೆ ಎಂದು ಡಬ್ಬದ ಮೇಲೆ ಬರೆದಿರಬೇಕು. ಬೆಂಜೈಲ್ ಆಲ್ಕೋಹಾಲ್ ಇರುವುದು ನಿಧಾನ, ಆದರೆ ವಾಸಿ. ಮೆಥಿಲೀನ್ ಕ್ಲೋರೈಡ್ ಇರುವುದು ಬೇಗ ಕೆಲಸ ಮಾಡುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ ಅದರ ಹಬೆ ಕುಡಿದು ಜನ ಸತ್ತಿದ್ದಾರೆ. ಹಲವು ದೇಶಗಳಲ್ಲಿ ಅದನ್ನು ಮನೆಬಳಕೆಗೆ ಮಾರುವಂತಿಲ್ಲ. ಯಾವುದೇ ಆಗಲಿ, ಬಯಲಿನಲ್ಲಿ ಮಾಡಿ. ಕೈಗವಸು, ಕನ್ನಡಕ ಬಿಡಬೇಡಿ. ಎದ್ದ ಪೊರೆಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಕಬ್ಬಿಣದ ಉಳಿ ಆಡಿಸಿದರೆ ಬೀಳುವ ಗೀರು ತೆಗೆಯುವ ಕೆಲಸ ಮತ್ತೆ ನಿಮ್ಮದೇ. ಸಾಧ್ಯವಾದರೆ ಮೊದಲೇ ಟೈರ್ ಬಿಚ್ಚಿಸಿಬಿಡಿ. ಟೈರ್ ಇಟ್ಟುಕೊಂಡೇ ಅಂಚಿನವರೆಗೆ ನೀಟಾಗಿ ಮಾಡುತ್ತೇನೆ ಎಂದು ನಾನೂ ಒಂದು ಕಾಲದಲ್ಲಿ ಹಟ ಹಿಡಿದಿದ್ದೆ. ರಬ್ಬರಿನ ಪಕ್ಕ ಒಂದು ಮಂಕು ಗೆರೆ ಉಳಿದೇ ಉಳಿಯುತ್ತದೆ.

ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದರೆ ಬಣ್ಣ ಬೇಗ ಹೋಗುತ್ತದೆ, ನಿಜ. ಬಣ್ಣ ಹೊಡೆಸುವುದಿದ್ದರೆ ಧಾರಾಳವಾಗಿ ಮಾಡಿಸಿ. ಪಾಲಿಶ್ ಮಾಡುವ ಮುಖಕ್ಕೆ ಮಾತ್ರ ಬೇಡವೇ ಬೇಡ. ಮರಳು ಹೊಡೆದ ಪ್ರತಿ ಚುಕ್ಕೆಯೂ ಒಂದು ಗುಂಡಿ.

ಪದರ ಹೋಯಿತು, ಬರಿ ಲೋಹ ಕಂಡಿತು. ಅಸಲು ಕೆಲಸ ಇಲ್ಲಿಂದ ಶುರು. ಹೆಚ್ಚಿನವರು ಎಡವುವುದೂ ಇಲ್ಲೇ.

ಹೊಳಪು ಟ್ಯೂಬಿನಿಂದ ಬರುವುದಿಲ್ಲ. ಮೇಲ್ಮೈ ಎಷ್ಟು ನುಣುಪಾಗಿದೆ ಅನ್ನುವುದರಿಂದ ಬರುತ್ತದೆ. ಉಬ್ಬುತಗ್ಗು ಇದ್ದರೆ ಬೆಳಕು ದಿಕ್ಕಾಪಾಲಾಗಿ ಚದುರುತ್ತದೆ, ಕಣ್ಣಿಗೆ ಮಂಕಾಗಿ ಕಾಣುತ್ತದೆ. ನುಣುಪಾಗಿದ್ದರೆ ಒಂದೇ ದಿಕ್ಕಿಗೆ ಮರಳುತ್ತದೆ, ನಿಮ್ಮ ಮುಖ ಕಾಣುತ್ತದೆ. ಆದ್ದರಿಂದ ಪಾಲಿಶ್ ಕೊನೆಯ ಚೂರು ಕೆಲಸ ಮಾತ್ರ. ಉಳಿದದ್ದೆಲ್ಲ ವಾಟರ್ ಪೇಪರ್‌ನದು.

ನಂಬರು ಹೆಚ್ಚಾದಷ್ಟೂ ಪೇಪರ್ ನುಣುಪು. ಯಾವ ನಂಬರಿನಿಂದ ಶುರು ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಗೀರು ತೆಗೆಯಲು ಸಾಕಾಗುವ ಪೇಪರ್‌ಗಳಲ್ಲಿ ಅತಿ ನುಣುಪಾದದ್ದರಿಂದ. ಮೊದಲು 800 ಹಾಕಿ ನೋಡಿ. ಎಳೆಗಳ ಗುರುತು ಹೋಗದಿದ್ದರೆ 600. ಅದಕ್ಕೂ ಜಗ್ಗದಿದ್ದರೆ 400. ಪಾದಚಾರಿ ಮಾರ್ಗದ ಕಟ್ಟೆಗೆ ಉಜ್ಜಿದ ಅಂಚಿಗೆ ಮಾತ್ರ 320 ಬೇಕಾಗಬಹುದು. ಅದನ್ನೂ ಅಲ್ಲಷ್ಟೇ ಹಾಕಿ, ಇಡೀ ಮುಖಕ್ಕೆ ಅಲ್ಲ. ಆಮೇಲೆ ಶುರು ಮಾಡಿದಲ್ಲಿಂದ ಮೆಟ್ಟಿಲು ಹತ್ತಿದ ಹಾಗೆ 400, 600, 800, 1000, 1500, 2000. ನೀರು ಹಾಕುತ್ತಲೇ ಉಜ್ಜಿ. ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಪೇಪರ್ ಕಟ್ಟಿಕೊಳ್ಳುವುದಿಲ್ಲ.

ಒಂದೂ ಮೆಟ್ಟಿಲು ಯಾಕೆ ಹಾರಬಾರದು? 400 ನಂಬರಿನ ಪೇಪರ್‌ನ ಕಣ ಸುಮಾರು 35 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), 2000 ನಂಬರಿನದು ಸುಮಾರು 10. ದೊಡ್ಡ ಕಣ ಬಿಟ್ಟ ಗೀರಿನ ತಳ ಮುಟ್ಟುವಷ್ಟು ಲೋಹ ತೆಗೆಯಲು ಸಣ್ಣ ಕಣಕ್ಕೆ ತುಂಬಾ ಹೊತ್ತು ಬೇಕು. ಅದು ಗೀರಿನ ಅಂಚನ್ನು ಮಾತ್ರ ದುಂಡಗೆ ಮಾಡುತ್ತದೆ. ಆಗ ಗೀರು ಹೋದ ಹಾಗೆ ಕಾಣುತ್ತದೆ. ಪಾಲಿಶ್ ಬಿದ್ದು, ಬಿಸಿಲಿಗೆ ತಂದು ನಿಲ್ಲಿಸಿದಾಗ ಒಳಗಿನಿಂದ ಎಲ್ಲ ಎದ್ದು ಬರುತ್ತವೆ. ಎರಡು ದಿನದ ಕೆಲಸ ಮುಗಿಸಿ ಕಾಫಿ ಕುಡಿಯುತ್ತಾ ನೋಡುವ ಹೊತ್ತಿಗೆ ಹಾಗಾದರೆ ಎಷ್ಟು ಹೊಟ್ಟೆ ಉರಿಯುತ್ತದೆ ಅಂತ ನನಗೆ ಗೊತ್ತು.

ಇದನ್ನು ತಪ್ಪಿಸಲು ಒಂದು ಸುಲಭ ಉಪಾಯ ಇದೆ. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಿ. 600ರಲ್ಲಿ ಕಡ್ಡಿಯ ಉದ್ದಕ್ಕೆ ಉಜ್ಜಿದರೆ 800ರಲ್ಲಿ ಅಡ್ಡಕ್ಕೆ. ಹಿಂದಿನ ದಿಕ್ಕಿನ ಗೀರು ಒಂದೂ ಕಾಣದಾದಾಗ ಮಾತ್ರ ಮುಂದಿನ ಪೇಪರ್ ಕೈಗೆತ್ತಿಕೊಳ್ಳಿ. ನಡುವೆ ಚಕ್ರವನ್ನೂ ಬಕೆಟ್ಟನ್ನೂ ಪೂರ್ತಿ ತೊಳೆಯಿರಿ. 400ರ ಒಂದೇ ಒಂದು ಕಣ 1500ರ ಪೇಪರ್ ಅಡಿ ಸಿಕ್ಕಿಕೊಂಡರೆ ಸಾಕು, ಮತ್ತೆ ಹಿಂದಕ್ಕೆ.

ಉಜ್ಜುತ್ತಾ ಹೋದಾಗ ಸೂಜಿ ಚುಚ್ಚಿದಂಥ ಸಣ್ಣ ತೂತುಗಳು ಕಾಣಿಸಿಕೊಳ್ಳಬಹುದು. ಅವನ್ನು ತೆಗೆಯಲು ಹೋಗಿ ಇನ್ನೂ ಆಳಕ್ಕೆ ಇಳಿಯಬೇಡಿ. ಎರಕದ ಲೋಹದ ಹೊರಚರ್ಮ ದಟ್ಟವಾಗಿರುತ್ತದೆ, ಒಳಗೆ ಹೋದಂತೆ ಗಾಳಿಗುಳ್ಳೆಗಳು ಸಿಗುತ್ತವೆ. ಒಂದು ತೂತು ಮುಚ್ಚಲು ಹೋದರೆ ಮೂರು ತೆರೆಯುತ್ತವೆ. ಎರಕದ ಚಕ್ರಕ್ಕೆ ಒಂದು ಮಿತಿ ಇದೆ ಎಂದು ಒಪ್ಪಿಕೊಳ್ಳಿ. ಸಿಲಿಕಾನ್ ಇರುವುದರಿಂದ ಅದರ ಹೊಳಪೂ ಸ್ವಲ್ಪ ಬೂದು ಕಡೆಗೇ ವಾಲುತ್ತದೆ. ಪ್ರದರ್ಶನಗಳಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಚಕ್ರಗಳು ಬಹುಮಟ್ಟಿಗೆ ಬಡಿದು ಮಾಡಿದ ಫೋರ್ಜ್ಡ್ ಚಕ್ರಗಳು. ಅವಕ್ಕೆ ಸಾಮಾನ್ಯವಾಗಿ ಬಳಸುವ 6061 ಅಲಾಯ್‌ನಲ್ಲಿ ಸಿಲಿಕಾನ್ ನೂರಕ್ಕೆ 1 ಪಾಲೂ ಇರುವುದಿಲ್ಲ. ನಿಮ್ಮದನ್ನು ಅದರ ಪಕ್ಕ ಇಟ್ಟು ಕೊರಗಬೇಡಿ.

2000 ಮುಗಿದ ಮೇಲೆ ಬಫಿಂಗ್. ಗಟ್ಟಿ ಬಫ್‌ಗೆ ಕಂದು ಕಾಂಪೌಂಡ್ (ಬಫ್‌ಗೆ ಹಚ್ಚುವ ಗಟ್ಟಿ ಪಾಲಿಶ್), ಆಮೇಲೆ ಸಡಿಲವಾದ ಹತ್ತಿ ಬಫ್‌ಗೆ ಬಿಳಿ ಕಾಂಪೌಂಡ್. ಒಂದಕ್ಕೆ ಬಳಸಿದ ಬಫ್‌ಗೆ ಇನ್ನೊಂದನ್ನು ಮುಟ್ಟಿಸಬೇಡಿ. ಜಾಸ್ತಿ ಒತ್ತಿದರೆ ಬಿಸಿಯಾಗಿ ಕಾಂಪೌಂಡ್ ಕಪ್ಪು ಗೆರೆಗಳಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಮತ್ತಷ್ಟು ಕಾಂಪೌಂಡ್ ಸುರಿಯುವುದು ಹೊಸಬರ ತಪ್ಪು. ಆಗ ಬೇಕಾಗಿರುವುದು ಕಡಿಮೆ ಒತ್ತಡ, ಸ್ವಚ್ಛ ಬಫ್. ಯಂತ್ರವೇ ಬೇಡ ಎಂದರೆ 2000 ಆದ ಮೇಲೆ 3000ದ ಪೇಪರ್ ಆಡಿಸಿ, ಕೈಯಲ್ಲೇ ನಿಮ್ಮ ಟ್ಯೂಬಿನ ಪಾಲಿಶ್ ಹಚ್ಚಿ. ಅದೇ ಟ್ಯೂಬು ಈಗ ಬೇರೆಯದೇ ಫಲ ಕೊಡುತ್ತದೆ. ನಮ್ಮಲ್ಲಿ ಒಂದು ಸಾಧಾರಣ ಚಕ್ರವನ್ನು ಪೂರ್ತಿ ಕೈಯಲ್ಲೇ ಮಾಡಿದರೆ ಒಂದು ಇಡೀ ದಿನ ಹಿಡಿಯುತ್ತದೆ. ಕಡ್ಡಿಗಳು ಜಾಸ್ತಿ ಇದ್ದರೆ ಎರಡು.

ಗ್ರೈಂಡರ್ ಬಗ್ಗೆ. ಸಣ್ಣ ಆಂಗಲ್ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಹೆಚ್ಚಿನ ಬಟ್ಟೆ ಬಫ್‌ಗಳು ಅಷ್ಟು ವೇಗಕ್ಕೆ ಮಾಡಿದವಲ್ಲ. ಬಫ್ ಮೇಲೆ ಬರೆದ ಗರಿಷ್ಠ ವೇಗ ನೋಡಿ, ವೇಗ ತಗ್ಗಿಸಬಹುದಾದ ಯಂತ್ರವನ್ನೇ ಬಳಸಿ. ಕಡ್ಡಿಯ ಅಂಚಿಗೆ ಬಫ್ ಸಿಕ್ಕಿಕೊಂಡರೆ ಯಂತ್ರ ಕೈಯಿಂದ ಕಿತ್ತು ಹಾರುತ್ತದೆ. ಹಾಗಾಗಿ ಬಫ್ ಯಾವಾಗಲೂ ಅಂಚಿನಿಂದ ಹೊರಕ್ಕೆ ತಿರುಗುವ ಹಾಗೆ ಹಿಡಿಯಿರಿ, ಅಂಚಿನೊಳಕ್ಕೆ ಅಲ್ಲ.

ಇನ್ನೂ ದೊಡ್ಡ ಅಪಾಯ ಧೂಳು. ಗಾಳಿಯಲ್ಲಿ ತೇಲುವ ಸಣ್ಣ ಅಲ್ಯೂಮಿನಿಯಂ ಪುಡಿ ಕಿಡಿ ತಾಗಿದರೆ ಸಿಡಿಯುತ್ತದೆ. ಅದೇ ಯಂತ್ರದಲ್ಲಿ ಬೆಳಿಗ್ಗೆ ಕಬ್ಬಿಣ ತಿಕ್ಕಿ ಸಂಜೆ ಅಲ್ಯೂಮಿನಿಯಂ ತಿಕ್ಕುವುದು ಕೆಟ್ಟ ಅಭ್ಯಾಸ. ತುಕ್ಕಿನ ಪುಡಿ ಮತ್ತು ಅಲ್ಯೂಮಿನಿಯಂ ಪುಡಿ ಸೇರಿ ಹೊತ್ತಿಕೊಂಡರೆ ಬರುವ ಶಾಖ ರೈಲು ಹಳಿಗಳನ್ನು ಬೆಸೆಯಲು ಬಳಸುವಂಥದ್ದು. ನಾನು ಒದ್ದೆ ಉಜ್ಜುವಿಕೆಗೇ ಜೋತುಬಿದ್ದಿರುವುದಕ್ಕೆ ಅರ್ಧ ಕಾರಣ ಇದು. ಕೆಳಗೆ ಉಳಿದ ಒದ್ದೆ ಕೆಸರನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ತುಂಬಿಡಬೇಡಿ. ನೀರಿನೊಂದಿಗೆ ಸೇರಿ ನಿಧಾನಕ್ಕೆ ಹೈಡ್ರೋಜನ್ ಬಿಡುತ್ತದೆ. ಕಬ್ಬಿಣದ ನಾರಿನಿಂದಲೂ ಉಜ್ಜಬೇಡಿ. ಅದರ ಚೂರುಗಳು ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಹುದುಗಿ ತುಕ್ಕಿನ ಚುಕ್ಕೆಗಳಾಗುತ್ತವೆ.

ಚಕ್ರದಲ್ಲಿ ಮುಟ್ಟಬಾರದ ಜಾಗಗಳೂ ಇವೆ. ಟೈರ್ ಕೂರುವ ಒಳಅಂಚನ್ನು ಸವೆಸಿದರೆ ಗಾಳಿ ಸೋರುತ್ತದೆ. ನಟ್ ಕೂರುವ ಕುಳಿಗಳು ಮತ್ತು ಹಬ್‌ಗೆ (ಕಾರಿನಲ್ಲಿ ಚಕ್ರವನ್ನು ಕೂರಿಸುವ ಭಾಗಕ್ಕೆ) ತಾಗುವ ಹಿಂಬದಿಯ ಚಪ್ಪಟೆ ಭಾಗಕ್ಕೆ ಪಾಲಿಶೂ ಬೇಡ, ಲ್ಯಾಕರೂ ಬೇಡ. ಅಲ್ಲಿ ಪದರ ಇದ್ದರೆ ಓಡುತ್ತಾ ಅದು ಸವೆದು ನಟ್ ಸಡಿಲವಾಗುತ್ತದೆ. ಟೈರ್ ಬಿಚ್ಚಿರುವಾಗ ಒಳಬದಿಯನ್ನು ತೊಳೆದು ಬೆಳಕಿಗೆ ಹಿಡಿದು ನೋಡಿ. ಬಿರುಕು ಇದ್ದರೆ ಆ ಚಕ್ರಕ್ಕೆ ಪಾಲಿಶ್ ಮಾಡುವುದು ವ್ಯರ್ಥ. ವೆಲ್ಡ್ ಮಾಡಿಸಿಕೊಳ್ಳಿ ಎಂದು ನಾನಂತೂ ಹೇಳುವುದಿಲ್ಲ. ಎರಕದ ಚಕ್ರಕ್ಕೆ ಕಾರ್ಖಾನೆಯಲ್ಲಿ ಸುಮಾರು 540 ಡಿಗ್ರಿಗೆ ಕಾಯಿಸಿ, ತಣಿಸಿ, ಮತ್ತೆ 150–160 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ಬಲ ತುಂಬಿರುತ್ತಾರೆ. ವೆಲ್ಡಿಂಗ್ ಶಾಖ ಅದನ್ನು ಆ ಜಾಗದಲ್ಲಿ ಅಳಿಸಿಹಾಕುತ್ತದೆ.

ಕೊನೆಗೆ ಲ್ಯಾಕರ್ ಪ್ರಶ್ನೆ. ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಬಣ್ಣ ಹಿಡಿಯಲು ತರಿ ಬೇಕು, ನೀವು ಕಷ್ಟಪಟ್ಟು ತೆಗೆದಿದ್ದು ಅದೇ ತರಿಯನ್ನು. ಕನ್ನಡಿಯಂಥ ಲೋಹದ ಮೇಲೆ ಲ್ಯಾಕರ್ ಗಟ್ಟಿಯಾಗಿ ಕೂರುವುದಿಲ್ಲ. ಒಂದು ಕಲ್ಲಿನೇಟು ಬಿದ್ದರೆ ಮತ್ತೆ ಅದೇ ಬಿಳಿ ಎಳೆ. ಆಗ ಶುರುವಿನಿಂದ ಎಲ್ಲ ಮಾಡಬೇಕು. ಪಾರದರ್ಶಕ ಪೌಡರ್ ಕೋಟಿಂಗ್ ಇನ್ನೂ ಗಟ್ಟಿ, ಆದರೆ ಹೊಳಪನ್ನು ಒಂದು ಮಟ್ಟ ಇಳಿಸುತ್ತದೆ. ಅದನ್ನು ಸಾಮಾನ್ಯವಾಗಿ 200 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಾರೆ, ಅಂದರೆ ಚಕ್ರಕ್ಕೆ ಬಲ ತುಂಬಲು ಬಳಸುವ, ಮೇಲೆ ಹೇಳಿದ 150–160ಕ್ಕಿಂತ ಜಾಸ್ತಿ; ಆ ಬಲ ತಗ್ಗಬಹುದು. ಮಾಡಿಸುವುದಾದರೆ ಚಕ್ರಗಳ ಅನುಭವ ಇರುವವರ ಹತ್ತಿರವೇ ಮಾಡಿಸಿ, ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂದು ಕೇಳಿ. ಬರಿ ಲೋಹವಾಗೇ ಬಿಟ್ಟು ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಿದರೆ ಹೊಳಪು ಅತಿ ಚೆನ್ನಾಗಿರುತ್ತದೆ, ಆದರೆ ಕೆಲವು ವಾರಕ್ಕೊಮ್ಮೆ ಕೈ ಆಡಿಸಲೇಬೇಕು.

ಕಾರನ್ನು ದಿನಾ ಓಡಿಸುತ್ತೀರಿ, ಮಳೆಯಲ್ಲಿ ಹೊರಗೇ ನಿಲ್ಲುತ್ತದೆ, ತೊಳೆಯಲು ತಿಂಗಳಿಗೊಮ್ಮೆ ಪುರುಸೊತ್ತು ಸಿಗುತ್ತದೆ ಎಂದಾದರೆ ಬೇರೆ ಮಾತು. ಕನ್ನಡಿ ಹೊಳಪಿನ ಆಸೆ ಬಿಟ್ಟು, 400ರವರೆಗೆ ನುಣುಪು ಮಾಡಿ ಬೆಳ್ಳಿ ಬಣ್ಣ, ಮೇಲೆ ಕ್ಲಿಯರ್ ಕೋಟ್ ಹೊಡೆಸಿಬಿಡಿ. ಬೇಸರ ಬೇಡ, ಅದು ಸೋಲಲ್ಲ. ವಾರಕ್ಕೊಮ್ಮೆ ಕಾರು ಮುಟ್ಟುವುದೇ ನಿಮಗೆ ಖುಷಿ ಎಂದಾದರೆ ಬರಿ ಲೋಹ, ವ್ಯಾಕ್ಸ್. ನನ್ನ ಕಾರಿನ ಚಕ್ರಗಳು ಹಾಗೇ ಇವೆ.

ತೊಳೆಯುವಾಗ ಚಕ್ರ ತಣ್ಣಗಿರಲಿ. ಆಸಿಡ್ಡೂ ಅಲ್ಲದ, ಕ್ಷಾರವೂ ಅಲ್ಲದ ಶಾಂಪೂ ಸಾಕು. ಮುಂದಿನ ಚಕ್ರಗಳು ಬೇಗ ಕೊಳೆಯಾಗುವುದು ಸಹಜ. ಮುಂದಿನ ಬ್ರೇಕ್‌ಗಳೇ ಹೆಚ್ಚು ಕೆಲಸ ಮಾಡುತ್ತವೆ, ಅವುಗಳಿಂದ ಹಾರುವ ಕಬ್ಬಿಣದ ಧೂಳು ಅಲ್ಲೇ ಕೂರುತ್ತದೆ.

ನಾಲ್ಕೂ ಚಕ್ರ ಒಟ್ಟಿಗೆ ಬಿಚ್ಚಬೇಡಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯೂ ಅಲಾಯ್ ಆಗಿದ್ದರೆ ಮೊದಲು ಅದರ ಮೇಲೆ ಕೈ ಪಳಗಿಸಿ. ಇಲ್ಲದಿದ್ದರೆ ಈಗಾಗಲೇ ಪದರ ಸವೆದಿರುವ ಆ ನಾಲ್ಕನೆಯ ಚಕ್ರದಿಂದ ಶುರು ಮಾಡಿ, ಅದು ಮುಗಿದ ಮೇಲೆ ಉಳಿದ ಮೂರನ್ನು ಮಾಡುವ ಮನಸ್ಸು ಇದೆಯಾ ಎಂದು ನೋಡಿಕೊಳ್ಳಿ. ವಾಪಸ್ ಹಾಕುವಾಗ ಟೈರ್ ಬ್ಯಾಲೆನ್ಸ್ ಮಾಡಿಸಿ. ನಟ್‌ಗಳನ್ನು ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ, 80–100 ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ಸ್ಪ್ಯಾನರ್ (ಬಿಗಿಯನ್ನು ಅಳೆಯುವ ಸ್ಪ್ಯಾನರ್) ಹಿಡಿದು ಇನ್ನೊಮ್ಮೆ ನೋಡಿ.